ಬಾನೆಟ್ಟಿನೊಳಗಿನ ಹೊಗೆಸೊಪ್ಪು

ಬೆಳಿಗ್ಗೆ ಎಂದಿನಂತೆಯೇ ಇತ್ತು. ಹಾಲು ಕಾಯಿಸಿ, ಯಜಮಾನರಿಗೆ ಡಬ್ಬಿ ಕಟ್ಟಿ, ಅವರು ಕಾರ್ಖಾನೆಯ ಬಸ್ಸು ಹತ್ತಿದ ಮೇಲೆ ತುಳಸಿಗೆ ನೀರು ಹಾಕಿ, ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಲೆಂದು ಕಾರು ಸ್ಟಾರ್ಟ್ ಮಾಡಿದೆ. ಎದುರಿನ ದೀಪಗಳೆಲ್ಲ ಒಮ್ಮೆ ಹೊತ್ತಿ ಆರಿದವು. ಒಂದು ಮಾತ್ರ ಉಳಿಯಿತು. ಪುಟ್ಟ ಇಂಜಿನ್ ಆಕಾರದ ಹಳದಿ ದೀಪ. ಏನಾಗಿದೆ ಎಂದು ಹೇಳುವುದಿಲ್ಲ, ಸುಮ್ಮನೆ ಉರಿಯುತ್ತದೆ. ಮುನಿಸಿಕೊಂಡು ಕಾರಣ ಹೇಳದೆ ಕೂರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ರೇಗುತ್ತದೆ.

ಏನೂ ತಿಳಿಯದಿದ್ದರೂ ಇಳಿದು ಬಾನೆಟ್ ಎತ್ತಿದೆ. ಬ್ಯಾಟರಿಯ ಪಕ್ಕದಿಂದ ಹೊಗೆಸೊಪ್ಪಿನ ಘಾಟು. ಹಳೆಯ ಬನಿಯನ್ ಬಟ್ಟೆಯಲ್ಲಿ ಕಟ್ಟಿದ ಗಂಟು, ಒಳಗಿನ ಸೊಪ್ಪು ಪುಡಿಪುಡಿ. ಇಷ್ಟು ಸರ್ವೀಸುಗಳಾದರೂ ಯಾರೂ ಅದನ್ನು ಬಿಚ್ಚಿರಲಿಲ್ಲ. ಅದನ್ನು ಕಟ್ಟಿದವರು ಬಾಗಲೂರು ರಸ್ತೆಯ ಮೆಕ್ಯಾನಿಕ್ ಅಣ್ಣ...

ಹುಣಸೆಮರದ ಕೆಳಗೆ ಅವರದೊಂದು ತಗಡಿನ ಷೆಡ್ಡು. ನಮ್ಮ ಕಾರು ಮುಟ್ಟುವ ಮೊದಲು ಮರದ ಹೊಟ್ಟಿನಲ್ಲಿ ಕೈ ಉಜ್ಜಿಕೊಳ್ಳುತ್ತಿದ್ದರು, ಸೀಟಿನ ಮೇಲೆ ತಮಿಳು ಪೇಪರ್ ಹಾಸಿ ಅದರ ತುದಿಯಲ್ಲಿ ಕೂರುತ್ತಿದ್ದರು. ನನ್ನನ್ನು ಟೀಚರಮ್ಮ ಎಂದೇ ಕರೆಯುತ್ತಿದ್ದರು. ಕಾನ್ವೆಂಟಿನಲ್ಲಿ ಓದಿದ್ದೇನೆಯೇ ಹೊರತು ಯಾರಿಗೂ ಪಾಠ ಹೇಳಿದವಳಲ್ಲ ಎಂದರೂ ಬಿಡುತ್ತಿರಲಿಲ್ಲ.

ಆ ಗಂಟು ಕಟ್ಟಿದ ಸಲವೂ ಇದೇ ದೀಪ ಹೊತ್ತಿತ್ತು. ಸ್ಟೀರಿಂಗಿನ ಕೆಳಗೆ ಒಂದು ಯಂತ್ರ ಸಿಕ್ಕಿಸಿ ಅವರು ನಂಬರು ಓದಿದರು.

"ಒಳಗೊಂದು ಪೆಟ್ಟಿಗೆ ಐತೆ ಟೀಚರಮ್ಮ. ಗಾಳಿ ಎಷ್ಟು, ಪೆಟ್ರೋಲ್ ಎಷ್ಟು, ಹೊಗೆ ಹೆಂಗೆ ಹೋಯ್ತದೆ, ಎಲ್ಲಾ ಕಡೆಯಿಂದ್ಲೂ ಅದ್ಕೆ ಸುದ್ದಿ ಬತ್ತದೆ. ಒಂದ್ಸಲ ತಪ್ಪಾಗಿ ಬಂದ್ರೆ ಸುಮ್ಕಿರ್ತದೆ. ಇನ್ನೊಂದು ಓಡಾಟದಾಗೂ ಅಂಗೇ ಬಂತು ಅನ್ನಿ, ಲೈಟ್ ಹಚ್ಚಿ ನಂಬರ್ ಬರ್ದು ಮಡೀಕೊಂತದೆ. ಲೈಟು ಮಿಣಮಿಣ ಅಂದ್ರೆ ಅಲ್ಲೇ ನಿಲ್ಸ್‌ಬುಡಿ. ಸುಮ್ಕೆ ಉರಿದ್ರೆ ನಿದಾನಕ್ಕೆ ನನ್ತಾವ ಬನ್ನಿ."

"ನಂಬರೇ ಸಿಕ್ಕಿತಲ್ಲ ಅಣ್ಣ, ಮತ್ತೇನು?"

"ನಂಬರು ಬೀದಿ ತೋರಿಸ್ತದೆ ಕಣಮ್ಮ, ಮನೆ ತೋರ್ಸಲ್ಲ. ಇದು ಹೊಗೆ ಸೆನ್ಸಾರ್ ಬೀದಿ. ಆದ್ರೆ ಸೆನ್ಸಾರ್ ಸರಿಯಾಗೇ ಐತೆ ಅನ್ನಿಸ್ತದೆ. ಎಲ್ಲೋ ವೈರು ಇಲಿ ಕಡ್ದಿರ್ಬೇಕು. ಎರಡು ದಿನ ಬುಡಿ, ಹುಡುಕ್ತೀನಿ."

ನಮ್ಮ ಮನೆಯ ಹಿಂದೆ ಟೊಮೆಟೊ ತೋಟ, ಇಲಿಗಳಿಗೆ ಬರವಿಲ್ಲ. ಆದರೂ ನಾವು ನಂಬಲಿಲ್ಲ. ಅವರ ಕೆಲಸದ ರೀತಿಯೇ ನಿಧಾನ. ಕಣ್ಣು ಮುಚ್ಚಿ, ಒಂದೊಂದು ವೈರನ್ನೂ ಬೆರಳಲ್ಲಿ ಸವರಿಕೊಂಡು ಹೋಗುವುದು, ಹೂ ಕಟ್ಟುವವರು ದಾರ ನೋಡಿಕೊಳ್ಳುವ ಹಾಗೆ. ಎರಡು ದಿನ ನಾಲ್ಕಾಯಿತು. ಯಜಮಾನರು ಬೇಸತ್ತು ಕಾರನ್ನು ದೊಡ್ಡ ವರ್ಕ್‌ಶಾಪಿಗೆ ಒಯ್ದು ಸೆನ್ಸಾರನ್ನೇ ಬದಲಾಯಿಸಿದರು. ದೀಪ ಆರಿತು.

ಷೆಡ್ಡಿನಲ್ಲಿ ಉಳಿದಿದ್ದ ಕಾರಿನ ಮ್ಯಾಟುಗಳನ್ನು ತರಲು ಅದೇ ಕಾರಿನಲ್ಲಿ ಹೋದವಳು ನಾನೇ. ಇಬ್ಬರು ಗಿರಾಕಿಗಳು ನಿಂತಿದ್ದರು. ನಾನು ದನಿ ಏರಿಸಲಿಲ್ಲ. ಕಾನ್ವೆಂಟಿನಲ್ಲಿ ಕಲಿಸಿದ ಮೆತ್ತನೆಯ ದನಿಯಲ್ಲೇ ಹೇಳಿದೆ: "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂದುಬಿಡಬೇಕಿತ್ತು ಅಣ್ಣ."

ಗಿರಾಕಿಯೊಬ್ಬ ಕಿಸಕ್ಕೆಂದ. ಅಣ್ಣ ಷೆಡ್ಡಿನೊಳಗೆ ಹೋದರು. ಹೊಗೆಸೊಪ್ಪಿನ ಗಂಟೊಂದನ್ನು ತಂದು ಬಾನೆಟ್ಟಿನೊಳಗೆ ಕಟ್ಟಿದರು. "ಇದಿರ್ಲಿ ಟೀಚರಮ್ಮ. ಈ ವಾಸ್ನೆಗೆ ಇಲಿ ಬರಾಕಿಲ್ಲ" ಎಂದರು.

ಹತ್ತೇ ದಿನ. ದೀಪ ಮತ್ತೆ ಹೊತ್ತಿತು, ಅದೇ ನಂಬರು. ಈ ಸಲ ವರ್ಕ್‌ಶಾಪಿನವರು ಕೆಳಗಿನಿಂದ ಬಿಚ್ಚಿ ನೋಡಿದರೆ ಇಂಜಿನ್ನಿನ ಹಿಂದೆ ಅರ್ಧ ಕಡಿದ ವೈರು. ಅಣ್ಣ ಹೇಳಿದ್ದೇ ಸರಿ.

ಹೋಗಿ ಹೇಳಬೇಕು ಅಂದುಕೊಂಡೆ. ಒಂದು ದಿನ ಷೆಡ್ಡಿನ ಮುಂದೆ ಕಾರು ನಿಧಾನ ಮಾಡಿಯೂ ಇದ್ದೆ. ಅವರು ಯಾವುದೋ ವ್ಯಾನಿನ ಅಡಿಯಲ್ಲಿದ್ದರು, ಎರಡು ಕಾಲುಗಳಷ್ಟೇ ಕಾಣುತ್ತಿದ್ದವು. ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಹೊರಟುಬಿಟ್ಟೆ. ನಾಳೆ ಅಂದುಕೊಂಡೆ, ಆಯುಧಪೂಜೆಗೆ ಹಣ್ಣು ಹಿಡಿದು ಹೋದರಾಯಿತು ಅಂದುಕೊಂಡೆ... ಆಮೇಲೆ ಷೆಡ್ಡಿನ ಬಾಗಿಲು ಹಾಕಿತ್ತು. ಕೆಲಮಂಗಲದ ಕಡೆ ಹೋದರೆಂದು ಯಾರೋ ಹೇಳಿದರು. ನಾನು ವಿಚಾರಿಸಲೂ ಇಲ್ಲ.

ಇವತ್ತು ಅತ್ತೆಯನ್ನು ಕೂರಿಸಿಕೊಂಡು ಮೊದಲು ವರ್ಕ್‌ಶಾಪಿಗೇ ಹೋದೆ. ಕಂಪ್ಯೂಟರ್ ಮುಂದೆ ಕೂತಾತ ತಲೆಯೆತ್ತದೆ, "ನಂಬರ್ ಅಳಿಸಿದೀವಿ ಮೇಡಂ, ಸರಿಹೋಯ್ತು" ಎಂದ. ಬಾಗಲೂರು ರಸ್ತೆಗೆ ತಿರುಗುವಷ್ಟರಲ್ಲಿ ದೀಪ ಮತ್ತೆ ಹೊತ್ತಿತು. ಅತ್ತೆ, "ಇದೇನಮ್ಮ, ಮತ್ತೆ ಅದೇ ಗೋಳು" ಎಂದರು. ಸ್ಟೀರಿಂಗಿಗೆ ಗುದ್ದಬೇಕೆನಿಸಿತು. ಷೆಡ್ಡಿದ್ದ ಜಾಗದಲ್ಲಿ ಈಗ ಬೇಕರಿ. ಹುಣಸೆಮರವೂ ಇಲ್ಲ. ಕೆಲಮಂಗಲಕ್ಕಾದರೂ ಹೋಗಿ ಹುಡುಕುತ್ತೇನೆ, ಕಾರನ್ನೂ ತೋರಿಸಿ, ಆ ಮಾತನ್ನೂ ಹೇಳಿ ಬರುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ಸಂಜೆ ಪಕ್ಕದ ಮನೆಯ ಅಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅವರ ತವರು ಕೆಲಮಂಗಲ. ಮೆಕ್ಯಾನಿಕ್ ಅಣ್ಣನ ಮನೆ ಎಲ್ಲಿ ಎಂದು ಕೇಳಿದೆ.

"ಅಯ್ಯೋ, ಅವ್ನು ಹೋಗ್ಬುಟ್ನಲ್ಲಮ್ಮ! ಆಗ್ಲೇ ವರ್ಸ ತುಂಬ್ತು. ನಿಂಗೊತ್ತಿಲ್ವಾ?"

ಜಗಲಿಯ ಅಂಚಿನಲ್ಲಿ ಕೂತೆ. ಇನ್ನು ಹೇಳಲು ಯಾರೂ ಇಲ್ಲ. ಸುಮ್ಮನಿರಲಾರದೆ ನಾಲ್ಕು ಅವರೆಕಾಯಿ ಕೈಗೆತ್ತಿಕೊಂಡೆ. ಅಕ್ಕ ಸಿಪ್ಪೆಗಳನ್ನು ಮೊರದ ಅಂಚಿಗೆ ತಳ್ಳುತ್ತಾ ಹೇಳಿದರು:

"ಊರಬ್ಬದಾಗೆ ಸಿಕ್ಕಿದ್ದ. ಟೀಚರಮ್ಮನ ಗಾಡಿ ಲೈಟು ಆರ್ತಾ ಅಂತ ಕೇಳ್ದ. ಓ, ಸೆನ್ಸಾರ್ ಬದ್ಲಾಯಿಸಿದ್ರು, ಆವತ್ತೇ ಆರೋಯ್ತು ಅಂದೆ. ಅಂಗಾದ್ರೆ ನಂದೇ ತಪ್ಪು ಬುಡು ಅಂತ ನಕ್ಕೊಂಡು ಹೋದ. ಹುಳ ಇದ್ರೆ ಆ ಕಡೆ ಹಾಕಮ್ಮ, ನೋಡ್ಕೊಂಡು ಸುಲಿ."