ಮಹಾಮಹಿಳೆಯರ ಗೋಡೆಗೆ ಗೊಂಡೆ ಹೂವಿನ ಹಾರ

ಗಂಡಸರ ಧ್ವನಿಗಳು ನನಗೆ ಬೇಕಾದಷ್ಟು ಬರುತ್ತವೆ. ಕಳವಾ ಸ್ಟೇಷನ್ನಿನ ಟಿಕೆಟ್ ಕಿಟಕಿಯವನು, ನಮ್ಮ ಸೊಸೈಟಿಯ ಸೆಕ್ರೆಟರಿ, ಮೂಗಿನಲ್ಲೇ ಭಾಷಣ ಮುಗಿಸುವ ಶಾಲೆಯ ಅಧ್ಯಕ್ಷರು, ಹೋಟೆಲಿನ ಗಲ್ಲಾದಲ್ಲಿ ಕೂತೂ ಕೂತೂ ನಿದ್ದೆಯಲ್ಲಿ ಕೂಡ ‘ಒಂದು ಇಡ್ಲಿವಡೆ’ ಎಂದು ಕೂಗುವ ನನ್ನ ಅಪ್ಪ, ಯಾರನ್ನು ಬೇಕಾದರೂ ಕೇಳಿ, ಅಲ್ಲೇ ಮಾಡಿ ತೋರಿಸುತ್ತೇನೆ. ಹೆಂಗಸರಲ್ಲಿ ಮಾತ್ರ ನನಗೆ ಬರುವುದು ಒಂದೇ ಧ್ವನಿ. ಅದು ನಮ್ಮ ಹೆಡ್ ಮೇಡಂ ಅವರದು. ಮೇಡಂ ವಿಜಾಪುರದ ಕಡೆಯವರು. ನನ್ನ ಈ ಕೊರತೆಯಿಂದಾಗಿ ಕಳೆದ ಮಾರ್ಚಿನಲ್ಲಿ ಜಗತ್ತಿನ ಇತಿಹಾಸದ ಮಹಾಮಹಿಳೆಯರೆಲ್ಲ ವಿಜಾಪುರದ ಕನ್ನಡ ಮಾತಾಡಬೇಕಾಯಿತು.

ಡೊಂಬಿವಲಿ ಪೂರ್ವದ ಒಂದು ಸಣ್ಣ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಮೇಷ್ಟ್ರು. ವಿಷಯ ಇತಿಹಾಸ. ಚಿತ್ರಕಲೆ, ಪಿ.ಟಿ. ಮತ್ತು ಟೆರೇಸಿನ ನೀರಿನ ಟ್ಯಾಂಕು ತುಂಬಿತೇ ಎಂದು ನೋಡುವ ಕೆಲಸ ತಾವಾಗಿಯೇ ಬಂದು ಅಂಟಿಕೊಂಡವು. ನಮ್ಮ ಮಕ್ಕಳು ಕನ್ನಡದಲ್ಲಿ ಓದುತ್ತಾರೆ, ಮರಾಠಿಯಲ್ಲಿ ಜಗಳವಾಡುತ್ತಾರೆ, ಹಿಂದಿಯಲ್ಲಿ ಕ್ಷಮೆ ಕೇಳುತ್ತಾರೆ. ನಾನೂ ಹಾಗೆಯೇ ಬೆಳೆದವನು. ಹೀಗೆ ಬರೆಯುವಾಗ ಗಂಭೀರ ಮನುಷ್ಯನಂತೆ ಕಾಣುತ್ತೇನೆ, ಅಷ್ಟೆ. ಟ್ರೈನಿನಲ್ಲಿ ನನ್ನ ಮಾತು ಕೇಳಿದವರು ಇವನಿಗೆ ಮಕ್ಕಳನ್ನು ಯಾರು ಒಪ್ಪಿಸಿದರು ಎಂದು ಕೇಳಬಹುದು.

ಮಹಿಳಾ ದಿನಕ್ಕೆ ಪ್ರತಿ ತರಗತಿಯಲ್ಲೂ ಒಂದು ಗೋಡೆ ಸಿಂಗರಿಸಬೇಕೆಂದು ಮೇಡಂ ಅಪ್ಪಣೆ ಮಾಡಿದರು.

“ಸರ, ಏಳನೇತ್ತದ ಗ್ವಾಡಿ ನಿಮ್ದು. ಜಗತ್ತಿನಾಗ ಹೆಣ್ಮಕ್ಕಳು ಏನೇನ್ ಮಾಡ್ಯಾರ ಅಂತ ಹುಡುಗೂರಿಗೆ ತಿಳೀಲಿ. ಮತ್ತ ನಿಮ್ಮ ಮಂಗ್ಯಾನಾಟ ಏನೂ ಬ್ಯಾಡ.”

“ಇಲ್ಲ ಮೇಡಂ,” ಎಂದೆ. ಅವರದೇ ಧ್ವನಿಯಲ್ಲಿ ಹೇಳಬೇಕೆಂದು ನಾಲಿಗೆ ತುರಿಸುತ್ತಿತ್ತು. ತಡೆದುಕೊಂಡೆ.

ಅಧ್ಯಕ್ಷರಿಗೆ ಸ್ಟೇಷನ್ ಹತ್ತಿರ ದೊಡ್ಡ ಸಸ್ಯಾಹಾರಿ ಹೋಟೆಲಿದೆ. ಹೋಟೆಲಿನ ರಿಪೇರಿಯಲ್ಲಿ ಕೆಳಗಿಳಿಸಿದ್ದ ಹಳೆಯ ಫ್ರೇಮುಗಳನ್ನು ಅವರು ಶಾಲೆಗೆ ಕೊಟ್ಟರು. ಒಳಗಿದ್ದ ದೇವರುಗಳು ಹೊಸ ಫ್ರೇಮಿಗೆ ಹೋಗಿದ್ದರು. ಖಾಲಿಯಾದ ಜಾಗಕ್ಕೆ ನಮ್ಮ ಮಹಿಳೆಯರು ಬಂದರು. ಬೆನ್ನಿಗೆ ಮಗುವನ್ನು ಕಟ್ಟಿಕೊಂಡು ಕುದುರೆ ಏರಿದ ರಾಣಿ, ಮೈಮೇಲೆ ಕೆಸರು ಎರಚಿಸಿಕೊಂಡೇ ಹೋಗಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಟೀಚರ್, ಪ್ರಯೋಗಶಾಲೆಯಲ್ಲೇ ಆಯುಷ್ಯ ಕಳೆದ ವಿಜ್ಞಾನಿ, ಒಬ್ಬ ಬಾಕ್ಸಿಂಗ್ ಚಾಂಪಿಯನ್, ಇನ್ನೂ ಕೆಲವರು. ಸಾಲು ವರಾಂಡದ ಗೋಡೆಯಿಂದ ಶುರುವಾಗಿ ಬಾಗಿಲು ದಾಟಿ ತರಗತಿಯೊಳಗೆ ಮುಗಿಯುತ್ತಿತ್ತು. ಒಳಗಿನ ಮೂಲೆಯಲ್ಲಿ ಎತ್ತರದಲ್ಲಿ ಒಂದು ಜಾಗ ಉಳಿಯಿತು. ಅಲ್ಲಿ ಗೋಡೆ ನೀರು ಕುಡಿದು ಕಪ್ಪಾಗಿತ್ತು. ಅದನ್ನು ಮುಚ್ಚಲು ಇನ್ನೂ ಒಬ್ಬ ಮಹಾಮಹಿಳೆ ಬೇಕಿತ್ತು.

ಏಳನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಎರಡು ಜಡೆ, ಒಂದು ನಾಲಿಗೆ, ಮೂರರಲ್ಲಿ ನಾಲಿಗೆಯೇ ಉದ್ದ. ಅವಳು ಆ ವಾರ ಮಾತಿಲ್ಲದೆ ಕೂತಿದ್ದಳು. ಜೂನ್‌ನಿಂದ ಅವಳನ್ನು ಕಲ್ಯಾಣದ ಕಡೆಯ ಒಂದು ಇಂಗ್ಲಿಷ್ ಶಾಲೆಗೆ ಹಾಕುವುದೆಂದು ಅಜ್ಜಿ ತೀರ್ಮಾನಿಸಿದ್ದರಂತೆ. ಅಪ್ಪ ಅಮ್ಮ ಇದ್ದರು. ಆದರೆ ಆ ಮನೆಯಲ್ಲಿ ಅವರು ಬರೀ ಸದಸ್ಯರು, ಸರಕಾರ ಅಜ್ಜಿಯದು.

“ಮುಝೆ ನಹೀ ಜಾನಾ ಸರ್. ಅಲ್ಲಿ ಬಸ್ಸಲ್ಲಿ ಕೂತಾಗ ಕೂಡ ಇಂಗ್ಲಿಷೇ ಮಾತಾಡ್ಬೇಕಂತೆ. ಜಗಳ ಕೈಸೇ ಕರೂಂ?”

“ಅಜ್ಜಿಗೆ ಹೇಳು.”

“ಆಪ್ ಬೋಲೋ ನಾ.”

ಕತ್ತಿ ಹಿಡಿದ ರಾಣಿಯ ಧೈರ್ಯದ ಬಗ್ಗೆ ಬೆಳಿಗ್ಗೆಯಷ್ಟೇ ಪಾಠ ಮಾಡಿದ್ದ ನಾನು, “ನನಗೆ ಟ್ಯಾಂಕು ನೋಡ್ಲಿಕ್ಕುಂಟು,” ಎಂದು ಹೊರಟೆ.

ಅವಳು ಟೆರೇಸಿನ ಮೆಟ್ಟಿಲವರೆಗೂ ಹಿಂದೆಯೇ ಬಂದಳು. “ಸರ್, ಆ ಖಾಲಿ ಜಾಗದಲ್ಲಿ ಅಜ್ಜಿ ಕಾ ಫೋಟೋ ಲಗಾತೇ ಹೈ. ಅಜ್ಜಿ ಬರ್ತಾರೆ, ನೋಡ್ತಾರೆ. ಅಜ್ಜಿ ಖುಷ್, ಮೈ ಇಧರ್.”

ಮೇಡಂ ಮೊದಲು ಒಪ್ಪಲಿಲ್ಲ. “ನಿಮ್ಮ ಅಜ್ಜಿ ಇತಿಹಾಸದಾಗ ಅದಾರೇನವಾ?”

“ನಮ್ಮ ಬಿಲ್ಡಿಂಗ್‌ನ ಇತಿಹಾಸದಲ್ಲಿ ಇದ್ದಾರೆ ಮೇಡಂ.”

ಮೇಡಂ ನಗು ನುಂಗಿಕೊಂಡು ನನ್ನ ಕಡೆ ತಿರುಗಿದರು. “ಹಚ್ರಿ ಸರ. ಈ ಹುಡುಗಿ ಹ್ವಾದ್ರ ಎಂಟನೇತ್ತ ಮೂಕಸಾಲಿ ಆಗತದ.”

ಆಧಾರ್ ಕಾರ್ಡಿಗೆಂದು ತೆಗೆಸಿದ್ದ ಫೋಟೋ ದೊಡ್ಡದಾಗಿ ಬಂತು. ಅದರಲ್ಲಿ ಯಾರು ತಾನೇ ನಗುತ್ತಾರೆ? ಅಜ್ಜಿ ಬ್ರಿಟಿಷರನ್ನು ನೋಡಿದ ಹಾಗೆ ನೋಡುತ್ತಿದ್ದರು. ಕೆಳಗೆ ಹುಡುಗಿ ತಾನೇ ಬರೆದಳು: ‘ನನ್ನ ಅಜ್ಜಿ. ಡೊಂಬಿವಲಿಗೆ ಬಂದಾಗ ಇವರಿಗೆ ಹಿಂದಿ ಬರುತ್ತಿರಲಿಲ್ಲ, ಮರಾಠಿ ಬರುತ್ತಿರಲಿಲ್ಲ. ಅಜ್ಜ ತೀರಿಹೋದ ಮೇಲೆ ಮನೆಯಲ್ಲೇ ಇಡ್ಲಿ ಹಿಟ್ಟು ರುಬ್ಬಿ ಮಾರಿ ನನ್ನ ಅಪ್ಪನನ್ನು ಓದಿಸಿದರು. ಹಿಟ್ಟಿಗೆ ನೀರು ಹೆಚ್ಚಾಗಿದೆ ಎಂದವರ ಮುಖಕ್ಕೆ ಬಾಗಿಲು ಹಾಕಿದರು. ಇವರ ಪ್ರಭಾವ: ನೆಲಮಹಡಿಯಿಂದ ಟೆರೇಸಿನವರೆಗೆ.’

ಇಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಆದರೆ ಮಂಗನಾಟ ಬೇಡ ಎಂದರೆ ಕೈ ಕಟ್ಟಿ ಕೂರುವ ಜಾತಿ ನನ್ನದಲ್ಲ. ಪ್ರತಿ ಫೋಟೋದ ಕೆಳಗೆ ಒಂದು ಕೆಂಪು ಗುಂಡಿ ಬರೆದೆ. ತರಗತಿಯ ಕಿಟಕಿ ವರಾಂಡಕ್ಕೆ ತೆರೆಯುತ್ತದೆ. ಅದಕ್ಕೆ ಪರದೆ ಕಟ್ಟಿ ಅದರ ಹಿಂದೆ ನಾನು ನಿಲ್ಲುವುದು, ಹೊರಗೆ ಯಾರಾದರೂ ಗುಂಡಿ ಒತ್ತಿದರೆ ಆ ಮಹಿಳೆಯಾಗಿ ಮಾತಾಡುವುದು. ಮಕ್ಕಳಿಗೆ ಮಾತ್ರ ಈ ವಿಷಯ ಗೊತ್ತಿತ್ತು.

ಮಹಿಳಾ ದಿನದ ಬೆಳಿಗ್ಗೆ ಲೋಕಲ್ ಮುಂಬ್ರಾ ದಾಟಿ ನಿಂತದ್ದು ಕದಲಲೇ ಇಲ್ಲ. ನಾನು ಓಡೋಡಿ ಶಾಲೆ ತಲುಪುವ ಹೊತ್ತಿಗೆ ಕೆಳಗೆ ಪಾಲಕರು ಸೇರುತ್ತಿದ್ದರು. ಮೇಲೆ ಬಂದರೆ ಊದುಬತ್ತಿಯ ವಾಸನೆ. ಗೋಡೆ ನೋಡಿದೆ. ಒಂದೊಂದು ಫ್ರೇಮಿಗೂ ದಪ್ಪನೆಯ ಗೊಂಡೆ ಹೂವಿನ ಹಾರ, ಗಾಜಿನ ಮೇಲೆ ಹಣೆಗೆ ಸರಿಯಾಗಿ ಕುಂಕುಮ. ಖಾಲಿ ಬುಟ್ಟಿ ಹಿಡಿದು ಅಧ್ಯಕ್ಷರು ತೃಪ್ತಿಯಿಂದ ನಿಂತಿದ್ದರು.

ಅವರನ್ನು ಬೈಯುವಂತಿಲ್ಲ. ಮೂವತ್ತು ವರ್ಷದಿಂದ ಅವರು ದಿನ ಬೆಳಗಾದರೆ ಹೋಟೆಲಿನ ಗಲ್ಲಾದ ಹಿಂದಿರುವ ಫೋಟೋಗಳಿಗೆ ಹೂ ಹಾಕಿ, ಊದುಬತ್ತಿ ಬೆಳಗಿ, ಆಮೇಲೆಯೇ ಶಟರ್ ಪೂರ್ತಿ ಎತ್ತುವವರು. ಅಲ್ಲಿರುವುದು ದೇವರು, ಅದರ ಪಕ್ಕದಲ್ಲಿ ತೀರಿಹೋದ ಅವರ ಅಪ್ಪ. ಆ ಫ್ರೇಮುಗಳನ್ನು ಕಂಡರೆ ಅವರ ಕೈ ತಾನಾಗಿ ಹಾರಕ್ಕೆ ಹೋಗುತ್ತದೆ.

“ಹೇಗುಂಟು ಮಾಸ್ಟ್ರೇ? ಇಷ್ಟು ದೊಡ್ಡ ಹೆಂಗಸರನ್ನು ಬರೀ ಕೊರಳಲ್ಲಿ ಬಿಡ್ಲಿಕ್ಕೆ ಆಗ್ತದಾ?”

“ಸರ್, ಇವರಲ್ಲಿ ಕೆಲವರು ಬದುಕಿದ್ದಾರೆ.”

“ಯಾರು?”

“ಈ ಬಾಕ್ಸಿಂಗಿನವರು.”

ಅಧ್ಯಕ್ಷರು ಬಾಕ್ಸರ್‌ನ ಮುಷ್ಟಿ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. “ಇವತ್ತು ಇಲ್ಲಿಗೆ ಬರ್ತಾರಾ?”

“ಇಲ್ಲ.”

“ಹಾಗಾದ್ರೆ ತೊಂದರೆ ಇಲ್ಲ ಬಿಡಿ.”

“ಒಳಗೆ ಮೂಲೆಯಲ್ಲಿರುವ ಅಜ್ಜಿ ಬರ್ತಾರೆ.”

“ಅವರು ಸ್ವಾತಂತ್ರ್ಯ ಹೋರಾಟಗಾರ್ತಿ ಅಲ್ವಾ? ಮುಖ ಹಾಗೇ ಉಂಟಲ್ಲ ಮಾರಾಯ್ರೇ!”

ಅಷ್ಟರಲ್ಲಿ ಹುಡುಗಿ ಓಡಿಬಂದಳು. “ಸರ್, ಅಜ್ಜಿ ಆಯೀ! ಮೇಡಂ ಜೊತೆ ಮೆಟ್ಟಿಲು ಹತ್ತುತ್ತಾ ಇದ್ದಾರೆ. ಹೊಸ ಸೀರೆ ಉಟ್ಟಿದ್ದಾರೆ!” ಎಂದವಳು ಗೋಡೆ ನೋಡಿದಳು, ಒಳಗೆ ಹೋಗಿ ಮೂಲೆ ನೋಡಿದಳು. ಅವಳ ಮುಖ ಇಳಿದುಹೋಯಿತು. “ಗಯಾ,” ಎಂದಳು. “ಸಬ್ ಗಯಾ. ಇನ್ನು ಜೂನ್ ತನಕ ಕೂಡ ಕಾಯೋದಿಲ್ಲ ಅಜ್ಜಿ.”

ಬದುಕಿರುವವರ ಫೋಟೋಗೆ ಹಾರ ಎಂದರೆ ನಮ್ಮಲ್ಲಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಅಮ್ಮ ತನ್ನ ಫೋಟೋದ ಹತ್ತಿರ ಬಟ್ಟೆ ಒಣಹಾಕಿದರೂ ಹಾರದ ಹಾಗೆ ಕಾಣುತ್ತದೆಂದು ಬೈಯುತ್ತಾಳೆ.

ಕಪ್ಪು ಗೋಡೆ ಮುಚ್ಚಲೆಂದು ಅಜ್ಜಿಯನ್ನು ತೀರಾ ಎತ್ತರದಲ್ಲಿ ಹಾಕಿದ್ದೆವು. ಹಾರವನ್ನು ಅಧ್ಯಕ್ಷರು ತಂತಿಯಿಂದ ಬಿಗಿದಿದ್ದರು. ಬೆಂಚಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅಧ್ಯಕ್ಷರು, ಕುರ್ಚಿ ಹಿಡಿಯಲು ಹುಡುಗಿ. ನಾನು ಪರದೆಯ ಹಿಂದೆ. ಹಾರ ಬಿಚ್ಚುವವರೆಗೆ ಅಜ್ಜಿಯನ್ನು ವರಾಂಡದಲ್ಲೇ ಹಿಡಿದು ನಿಲ್ಲಿಸುವ ಕೆಲಸ ಕುದುರೆ ಏರಿದ ರಾಣಿಯದು.

ಗುಂಡಿ ಒತ್ತಿದ ಸದ್ದು. ಗುಂಡಿ ಬರೀ ಬಣ್ಣದ್ದು, ಸದ್ದು ಮಾಡಿದ್ದು ಅಜ್ಜಿಯ ಬಳೆ.

“ಯಾರವ್ವಾ ನೀನು?” ಎಂದಳು ರಾಣಿ. “ಚಪ್ಪಲ್ ಹೊರಗ ಬಿಟ್ಟಿಯಿಲ್ಲ? ನಾ ಬೆನ್ನಿಗೆ ಕೂಸಿನ್ನ ಕಟಗೊಂಡು, ಕುದರಿ ಹತ್ತಿ, ಕತ್ತಿ ಹಿಡದು ಹೋದಾಕಿ. ಈಗಿನ ಹುಡುಗೂರಿಗೆ ಒಂದು ಪಾಟೀಚೀಲ ಹೊರಾಕ ಆಗಂಗಿಲ್ಲ!”

ಮೇಡಂ ಅಜ್ಜಿಯ ಪಕ್ಕದಲ್ಲೇ ಇದ್ದಾರೆಂಬುದು ಆಗ ನನಗೆ ನೆನಪಾಯಿತು.

“ಈ ರಾಣಿ ನಮ್ಮ ಕಡೆಯಾಕಿ ಅಂತ ನನಗ ಗೊತ್ತೇ ಇರಲಿಲ್ಲ,” ಎಂದರು ಮೇಡಂ, ಬಹಳ ನಿಧಾನವಾಗಿ.

“ನಿಮ್ಮ ಅಕ್ಕನಾ ಟೀಚರಮ್ಮ?” ಅಜ್ಜಿಯ ಪ್ರಶ್ನೆ. “ಸ್ವರ ನಿಮ್ಮದೇ ಉಂಟು.”

ನಾನು ಒಳಗೆ ತಿರುಗಿ ನೋಡಿದೆ. ಅಧ್ಯಕ್ಷರು ತಂತಿಯ ಜೊತೆ ಗುದ್ದಾಡುತ್ತಿದ್ದರು. ಇನ್ನೂ ಸಮಯ ಬೇಕು. ಹೇಗೂ ನೆನೆದಾಗಿದೆ, ಇನ್ನು ಕೊಡೆಯ ಚಿಂತೆ ಯಾಕೆಂದು ಮುಂದುವರಿಸಿದೆ. ಬಳೆ ಮತ್ತೆ ಸದ್ದಾಯಿತು.

“ನಾ ಹೆಣ್ಮಕ್ಕಳಿಗೆ ಸಾಲಿ ಕಲಸಾಕ ಹೊಂಟ್ರ ಮಂದಿ ಮೈಮ್ಯಾಲೆ ಕೆಸರ ಒಗೀತಿದ್ರು. ಚೀಲದಾಗ ಇನ್ನೊಂದ ಸೀರಿ ಇಟಗೊಂಡು ಹೋಗ್ತಿದ್ದೆ, ಸಾಲಿ ಮಾತ್ರ ಬಿಡಲಿಲ್ಲ. ನಮ್ಮ ಸ್ಟಾಫಿಗೆ ಟ್ರೇನ್ ಲೇಟಾದ್ರ ಸಾಕು, ಮಾರಿ ಸಣ್ಣದ ಮಾಡ್ಕೊಂಡು ಬರ್ತಾರ!”

“ಪಾಪ,” ಎಂದರು ಅಜ್ಜಿ. ಅವರ ದನಿ ಮೆತ್ತಗಾಗಿತ್ತು. “ಹೆಣ್ಣುಮಕ್ಕಳಿಗೆ ನಾಲ್ಕು ಅಕ್ಷರ ಹೇಳಿಕೊಡ್ಲಿಕ್ಕೆ ಇಷ್ಟು ಮಾಡಬೇಕಾಯ್ತಾ?” ಅಲ್ಲಿಯೇ ನಿಂತರು. ನನಗೆ ಜೀವ ಬಂತು.

ಆಗಲೇ ಒಳಗೆ ಬೆಂಚು ಅಲುಗಿ ಡಸ್ಟರ್ ಡಬ್ಬ ಕೆಳಗೆ ಬಿದ್ದು ಇಡೀ ಮಹಡಿಗೆ ಕೇಳಿಸಿತು.

“ಏನೂ ಆಗಿಲ್ಲ!” ಎಂದು ಯಾರೂ ಗುಂಡಿ ಒತ್ತದೆಯೇ ವಿಜ್ಞಾನಿ ಕೂಗಿದಳು. “ಪ್ರಯೋಗ ನಡದದ! ಬಾಟ್ಲಿ ಬಿತ್ತು!”

“ಈ ಮನೆಯವರೆಲ್ಲ ಒಂದೇ ಸ್ವರದವರು,” ಎಂದುಕೊಂಡು ಅಜ್ಜಿ ಒಳಗೆ ಬಂದೇಬಿಟ್ಟರು. ನಾನು ಪರದೆಯನ್ನೇ ಮೈಗೆ ಸುತ್ತಿಕೊಂಡು ಇಣುಕಿದೆ.

ಅಧ್ಯಕ್ಷರು ಅದೇ ಕ್ಷಣದಲ್ಲಿ ಹಾರವನ್ನು ಬಿಡಿಸಿದ್ದರು. ಎರಡೂ ಕೈಯಲ್ಲಿ ಹಾರ ಎತ್ತಿಹಿಡಿದು ಅಜ್ಜಿಯ ಫೋಟೋದ ಎದುರು ನಿಂತಿದ್ದರು. ನೋಡಿದವರಿಗೆ ಅದು ಬಿಚ್ಚುವ ಭಂಗಿಯಲ್ಲ.

“ಎಂತ ಮಾಡ್ತಾ ಇದ್ದಿ ಮಗಾ?”

“ತೆಗೀತಾ ಇದ್ದೇನೆ ಅಮ್ಮಾ.”

“ಅಂದರೆ ಹಾಕಿ ಆಗಿತ್ತು.” ಅಜ್ಜಿ ಕತ್ತೆತ್ತಿ ಫೋಟೋದಲ್ಲಿ ತಮ್ಮ ಹಣೆಗೆ ಬಿದ್ದ ಕುಂಕುಮ ನೋಡಿದರು. “ನಾನು ಹೋದದ್ದು ಯಾವಾಗ?”

ಅಧ್ಯಕ್ಷರು ಹಾರವನ್ನು ಬೆನ್ನ ಹಿಂದೆ ಅಡಗಿಸಿದರು.

“ಬೊಜ್ಜ ಆಯ್ತಾ?” ಬೊಜ್ಜ ಎಂದರೆ ನಮ್ಮ ಕಡೆ ಸತ್ತವರ ಹೆಸರಲ್ಲಿ ಊರಿಗೆ ಹಾಕುವ ಊಟ. “ಪಾಯಸ ಎಂತದ್ದು ಮಾಡಿದ್ದಿ? ನೀನು ಹೋಟೆಲಿನವನು, ಕಡ್ಲೆಬೇಳೆಯಲ್ಲೇ ಮುಗಿಸಿರಬೇಕು. ನನಗೆ ಗೋಧಿ ಪಾಯಸ ಆಗಬೇಕಿತ್ತು.”

ಅಧ್ಯಕ್ಷರು ಕುರ್ಚಿಯಿಂದ ಇಳಿಯುವುದನ್ನೂ ಮರೆತಿದ್ದರು. ಹುಡುಗಿ ಅಳಲು ಶುರುಮಾಡಿದಳು. “ಅಜ್ಜಿ, ಫೋಟೋ ಮೈನೇ ಲಗಾಯಾ. ಹಾರ್ ಮೈನೇ ನಹೀ ಡಾಲಾ. ಕಸಂ ಸೇ.”

“ಕೆಳಗೆ ಎಂತದೋ ಬರ್ದದ್ದು ಉಂಟಲ್ಲ. ಓದು. ನಾನು ಕನ್ನಡಕ ತರ್ಲಿಲ್ಲ.”

ಅವಳು ಮೂಗು ಒರೆಸಿಕೊಂಡು ಓದಿದಳು. ಮೊದಲ ಸಾಲಿನಲ್ಲಿ ತಡವರಿಸಿದಳು, ಆಮೇಲೆ ಓದು ಸಲೀಸಾಗಿ ಹರಿಯಿತು. ಬಾಗಿಲು ಹಾಕಿದ ಕಡೆ ಬಂದಾಗ ಅಜ್ಜಿ ತಡೆದರು. “ಬಾಗಿಲು ಹಾಕ್ಲಿಲ್ಲ. ಹಿಟ್ಟು ವಾಪಸು ತಕೊಂಡೆ. ಸರಿ ಮಾಡು.” ಪ್ರಭಾವ ಟೆರೇಸಿನವರೆಗೆ ಎಂಬಲ್ಲಿ ಮಾತ್ರ ತಕರಾರು ಬರಲಿಲ್ಲ.

ಓದಿ ಮುಗಿದ ಮೇಲೆ ಅವರು ಮೇಡಂ ಕಡೆ ತಿರುಗಿದರು. “ಇವಳಿಗೆ ಇಷ್ಟು ಕನ್ನಡ ಬರ್ತದಾ? ಮನೆಯಲ್ಲಿ ನನಗೆ ‘ಹಾಂ ಅಜ್ಜಿ, ನಹೀ ಅಜ್ಜಿ’ ಇಷ್ಟೇ ಸಿಗುವುದು.”

“ಭಾಳ ಚಲೋ ಬರ್ತದ್ರಿ,” ಎಂದರು ಮೇಡಂ. ಧೈರ್ಯ ಮಾಡಿ ಸೇರಿಸಿದರು, “ಜೂನ್‌ನಾಗ ಮತ್ತ…”

ಹುಡುಗಿ ಉಸಿರು ಬಿಗಿಹಿಡಿದಳು. ನಾನೂ ಹಿಡಿದೆ, ಪರದೆಯೊಳಗೆ.

“ಜೂನಿನಲ್ಲಿ ಇವಳು ಇಲ್ಲೇ,” ಎಂದರು ಅಜ್ಜಿ. “ನನ್ನ ಫೋಟೋ ಇಲ್ಲುಂಟು. ಇವನು ಇಲ್ಲಿದ್ದಾನೆ. ಇವನ ಬುಟ್ಟಿ ಇಲ್ಲುಂಟು. ನಾಳೆ ಇನ್ನೊಂದು ಹಾರ ಹಾಕಿದರೆ ತೆಗೀಲಿಕ್ಕೆ ನಮ್ಮದೊಂದು ಜನ ಬೇಡವಾ?”

ಹುಡುಗಿ ಅಜ್ಜಿಯ ಹೊಸ ಸೀರೆಗೇ ಮುಖ ಒರೆಸಿದಳು. ಅಜ್ಜಿ ಕೊನೆಗೂ ಕೆಳಗಿಳಿದ ಅಧ್ಯಕ್ಷರ ಕೈಯಿಂದ ಹಾರ ಕಸಿದು ಅವರ ಕೊರಳಿಗೇ ಹಾಕಿದರು. “ನೋಡು, ಹೀಗೆ. ಹಾರ ಹಾಕುವುದಾದರೆ ಉಸಿರಾಡುವ ಕೊರಳಿಗೆ ಹಾಕಬೇಕು. ಇನ್ನು ಬೊಜ್ಜದ ಊಟ ಬಾಕಿ ಉಂಟು. ಹೋಟೆಲು ತೆರೆದುಂಟಾ?”

ಆ ಮಧ್ಯಾಹ್ನ ಅಜ್ಜಿ ತಮ್ಮ ಬೊಜ್ಜವನ್ನು ತಾವೇ ಉಂಡರು. ಗೋಧಿ ಪಾಯಸ ಎರಡು ಸಲ ಹಾಕಿಸಿಕೊಂಡು, ಇಡ್ಲಿ ಮುಟ್ಟಿ ನೋಡಿ, ಹಿಟ್ಟಿಗೆ ನೀರು ಹೆಚ್ಚಾಗಿದೆ ಎಂದರಂತೆ. ಊಟಕ್ಕೆ ಹೊರಡುವ ಮುಂಚೆ ಮೇಡಂ ಪರದೆಯ ಬಳಿ ನಿಂತು, ನನ್ನ ಮುಖ ನೋಡದೆಯೇ ಹೇಳಿದ್ದರು: “ಸರ, ಒಳಗಿನ ರಾಣಿಗೆ ಹೇಳ್ರಿ, ನಾಳೆ ನನ್ನ ಖೋಲಿಗೆ ಬಂದು ಹೋಗ ಅಂತ. ಕುದರಿ ಹೊರಗ ಕಟ್ಟಲಿ.” ಮರುದಿನ ರಾಣಿ ಹೋಗಿ ಸಾಕಷ್ಟು ಬೈಸಿಕೊಂಡು ಬಂದಳು. ಏನೇನು ಬೈದರೆಂದು ಬೇಕಾದರೆ ಅವರದೇ ಧ್ವನಿಯಲ್ಲಿ ಹೇಳಬಲ್ಲೆ.

ಮಹಿಳಾ ದಿನದ ಗೋಡೆಗಳನ್ನೆಲ್ಲ ಏಪ್ರಿಲ್‌ನಲ್ಲಿ ಇಳಿಸಿದೆವು. ಅಜ್ಜಿಯನ್ನು ಮಾತ್ರ ಇಳಿಸಿಲ್ಲ. ಕಪ್ಪು ಗೋಡೆ ಹಾಗೆಯೇ ಇದೆ, ಇಳಿಸುವ ಧೈರ್ಯವೂ ಯಾರಿಗೂ ಇಲ್ಲ. ಹುಡುಗಿ ಈಗ ಎಂಟನೆಯ ತರಗತಿ. ಬೆಳಿಗ್ಗೆ ತನ್ನ ಕ್ಲಾಸಿಗೆ ಹೋಗುವ ಮುಂಚೆ ಏಳನೆಯ ತರಗತಿಯೊಳಗೆ ತಲೆ ಹಾಕಿ ಮೂಲೆ ನೋಡುತ್ತಾಳೆ, ಆಮೇಲೆ ನನಗೆ ವರದಿ ಒಪ್ಪಿಸುತ್ತಾಳೆ.

“ಚೆಕ್ ಕಿಯಾ ಸರ್. ಅಜ್ಜಿ ಜಿಂದಾ ಹೈ.”