ಪೈಪಿನ ತುದಿಯ ಕೆಂಪು ಬಟ್ಟೆ

ನಾಯಿ ಸಾಕುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದು ನಂಬಿಕೊಂಡಿದ್ದವನು ನಾನು. ಶಾಲೆ ಬಿಟ್ಟದ್ದು ಏಳನೇ ಕ್ಲಾಸಿಗೆ. ಉಡುಪಿ ಬದಿಯ ನಮ್ಮ ಮನೆಯಲ್ಲಿ ನಾಯಿಗೆ ಅನ್ನ ಹಾಕುವುದು, ಹಗಲು ಕಟ್ಟುವುದು, ಕತ್ತಲಾದ ಮೇಲೆ ಬಿಡುವುದು ನನ್ನ ಪಾಲಿನ ಕೆಲಸ. ಬಿಟ್ಟ ನಾಯಿ ಅಂಗಳ ಕಾಯುತ್ತದೆ. ಬೆಳಿಗ್ಗೆ ಮನೆಯವರು ಹೊರಟರೆ ತಿರುವಿನವರೆಗೆ ಹಿಂದೆ ಬಂದು, ತಾನಾಗಿಯೇ ಮನೆಗೆ ಮರಳುತ್ತದೆ. ತಿಂದ ಅನ್ನದ ಋಣ ಅದಕ್ಕೆ ಗೊತ್ತು.

ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾದ ಕೆಳಗಿನ ಭಾಗ ಬಾಡಿಗೆಗೆ ಹಿಡಿದು ಹೆಂಡತಿ ಮಗಳನ್ನು ಕರೆಸಿಕೊಂಡಾಗ ನಾನು ಅಬುಧಾಬಿಯಲ್ಲಿ ಎಸಿ ಕೆಲಸ ಮಾಡುತ್ತ ಹದಿನಾಲ್ಕು ವರ್ಷವಾಗಿತ್ತು. ಪಿಕಪ್ ನನ್ನದೇ, ಕೆಲಸವೂ ನನ್ನದೇ. ಹತ್ತು ವರ್ಷದ ಮಗಳು ಒಂದು ದಿನ ಶಾಲೆಯಿಂದ ಫೋಟೊ ತಂದಳು. ರೇಸಿನಲ್ಲಿ ಓಡಿ ಮುಗಿದ ಸಲೂಕಿ, ಗ್ರೇಹೌಂಡಿನ ಹಾಗೆ ಕಾಣುವ ಮರಳುಗಾಡಿನ ನಾಯಿ. ವೇಗ ಕಡಿಮೆಯಾದ ಮೇಲೆ ಕೆಲವನ್ನು ಎಲ್ಲೆಲ್ಲೋ ಬಿಟ್ಟುಬಿಡುತ್ತಾರಂತೆ. ಅಂಥವನ್ನು ತಂದು ಆರೈಕೆ ಮಾಡಿ ಮನೆಗಳಿಗೆ ಕೊಡುವ ಇಂಗ್ಲಿಷ್ ಮೇಡಂ ಒಬ್ಬರಿದ್ದರು.

ಮೇಡಂ ಫೋಟೊದ ನಾಯಿಯನ್ನು ಜೊತೆಗೇ ಕರೆದುಕೊಂಡು ಮನೆ ನೋಡಲು ಬಂದರು. ಕಂಪೌಂಡಿನ ಗೋಡೆ ಅಳೆದರು, ಗೇಟಿನ ಚಿಲಕ ಎಳೆದು ನೋಡಿದರು. ಆಮೇಲೆ ಎರಡು ಹಾಳೆ ಕೊಟ್ಟು ಬಹಳ ಹೊತ್ತು ಇಂಗ್ಲಿಷಿನಲ್ಲಿ ವಿವರಿಸಿದರು. ಗ್ಯಾಸು, ಕಂಪ್ರೆಸರು, ಥರ್ಮೋಸ್ಟ್ಯಾಟು ಎಂದರೆ ನನಗೆ ಅರ್ಥವಾಗುತ್ತದೆ. ಆ ಮಾತು ಅರ್ಧವೂ ತಲೆಗೆ ಹತ್ತಲಿಲ್ಲ. ಪಕ್ಕದಲ್ಲೇ ಮಗಳು ನಾಯಿಯ ಕಿವಿ ಸವರುತ್ತಿದ್ದಳು. ಅವಳನ್ನು ಕೇಳಬಹುದಿತ್ತು. "ಯೆಸ್ ಮೇಡಂ, ಯೆಸ್ ಮೇಡಂ" ಎನ್ನುತ್ತ ಸಹಿ ಹಾಕಿದೆ.

ಮಗಳು ಇಟ್ಟ ಇಂಗ್ಲಿಷ್ ಹೆಸರಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ನಾನು "ಹೆಣ್ಣೇ" ಎಂದು ಕರೆಯುತ್ತಿದ್ದೆ. ಅದು ಟೈಲ್ಸಿನ ಮೇಲೆ ಕಾಲಿಡಲು ಹೆದರುತ್ತಿತ್ತು, ಮುಚ್ಚಿದ ಗಾಜಿನ ಬಾಗಿಲಿಗೆ ಹೋಗಿ ಮೂತಿ ಬಡಿದುಕೊಳ್ಳುತ್ತಿತ್ತು. ಮನೆ ಎಂಬುದನ್ನೇ ಅದು ಕಂಡಿರಲಿಲ್ಲ. ನಾಲ್ಕು ದಿನ ಏನೂ ತಿನ್ನಲಿಲ್ಲ. ಐದನೆಯ ದಿನ, ಮುಳ್ಳು ತೆಗೆದ ಬಂಗುಡೆ ಕಲಸಿದ ಅನ್ನವನ್ನು ನನ್ನ ಕೈಯಿಂದ ತಿಂದಿತು. ನನ್ನ ಕೈಯಿಂದ ಮಾತ್ರ.

"ಮಗಳಿಗೆ ಅಂತ ತಂದದ್ದು. ಈಗ ನೋಡಿದ್ರೆ ಅಪ್ಪನ ಹಿಂದೆಯೇ ಸುತ್ತುದು," ಎಂದು ಹೆಂಡತಿ ನಕ್ಕಳು.

ನನ್ನ ಜೊತೆ ಕೆಲಸ ಮಾಡುವ ಬ್ಯಾರಿ ಗೆಳೆಯ ಮುಸ್ಲಿಮನಾದ್ದರಿಂದ ನಾಯಿಯನ್ನು ಮುಟ್ಟುವವನಲ್ಲ, ದೂರ ನಿಂತೇ ಕೆಣಕುತ್ತಿದ್ದ. "ಎಂತ ಮಾರ್ರೆ, ಇದಕ್ಕೆ ಊಟ ಹಾಕ್ಲಿಕ್ಕಿಲ್ವಾ? ಎಲುಬು ಒಂದೊಂದೇ ಎಣಿಸ್ಬಹುದು!"

"ಓಡುವ ಜಾತಿ. ನಿಮ್ಮ ಹಾಗೆ ಹೊಟ್ಟೆ ಬಿಟ್ರೆ ಆಗ್ತದಾ?" ಎನ್ನುತ್ತಿದ್ದೆ.

ಊರಿನ ಕ್ರಮದಂತೆ ಹಗಲು ಕಟ್ಟಿದೆ, ರಾತ್ರಿ ಕಂಪೌಂಡಿನೊಳಗೆ ಬಿಟ್ಟೆ. ಬೆಳಿಗ್ಗೆ ಹೊರಡುವ ಮುಂಚೆ ಮತ್ತೆ ಕಟ್ಟುವುದು. ಒಂದೂವರೆ ತಿಂಗಳು ಹೀಗೆಯೇ ನಡೆಯಿತು.

ಆ ದಿನ ದೂರದಲ್ಲಿ ಕೆಲಸವಿತ್ತು, ಬೆಳಕು ಹರಿಯುವಾಗಲೇ ಹೊರಟೆವು. ಪಿಕಪ್ಪಿನಲ್ಲಿ ಉದ್ದದ ಪೈಪುಗಳಿದ್ದವು. ಸಾಮಾನು ಹೊರಗೆ ಚಾಚಿದ್ದರೆ ತುದಿಗೆ ಕೆಂಪು ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ಪೊಲೀಸರು ಬಿಡುವುದಿಲ್ಲ. ಹೆಂಡತಿಯ ಹಳೆಯ ನೈಟಿ ಹರಿದು ಕಟ್ಟಿದೆ. ಅವಸರದಲ್ಲಿ ನಾಯಿಯನ್ನು ಕಟ್ಟಲಿಲ್ಲ. ಗಾಡಿ ಹೊರಗೆ ತೆಗೆದವನು, ಹೆಂಡತಿ ಬಂದು ಗೇಟು ಹಾಕುತ್ತಾಳೆ ಎಂದುಕೊಂಡು ಮುಂದೆ ಹೋದೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಗೆಳೆಯ ಕನ್ನಡಿ ನೋಡಿ ಹೇಳಿದ, "ಅಣ್ಣ, ನಿಮ್ಮ ನಾಯಿ ಬರ್ತಾ ಉಂಟು. ನಿಲ್ಸಿ."

ನಾನೂ ನೋಡಿದೆ. ಅಂಥ ಓಟವನ್ನು ನಾನು ಕಂಡಿರಲಿಲ್ಲ. ಟೈಲ್ಸಿನ ಮೇಲೆ ನಡುಗುತ್ತಿದ್ದ ಪ್ರಾಣಿ ಅದೇನಾ ಎನ್ನಿಸಿತು. ಕಾಲು ನೆಲ ಮುಟ್ಟುವುದೇ ಕಾಣುತ್ತಿರಲಿಲ್ಲ. ನನ್ನನ್ನು ಬಿಟ್ಟಿರಲಾಗದೆ ಬರುತ್ತಿದೆ ಎಂದು ಎದೆ ಉಬ್ಬಿತು. ಗಾಡಿ ನಿಲ್ಲಿಸಲಿಲ್ಲ.

"ತಿರುವಿನವರೆಗೆ ಬರ್ತದೆ, ಮತ್ತೆ ಮನೆಗೆ ಹೋಗ್ತದೆ. ನೋಡ್ತಾ ಇರಿ," ಎಂದೆ.

ತಿರುವಿನಲ್ಲಿ ನಾನು ದೊಡ್ಡ ರಸ್ತೆಗೆ ಹೊರಳಿದೆ. ಅದು ರಸ್ತೆ ಹಿಡಿದು ಬರಲಿಲ್ಲ. ಮೂಲೆಯ ಖಾಲಿ ಮರಳಿನ ಜಾಗವನ್ನು ಅಡ್ಡ ಹಾಯ್ದು ನೇರವಾಗಿ ಗಾಡಿಯ ಹಿಂಬದಿಗೆ ನುಗ್ಗಿತು. ನಮ್ಮ ಹಿಂದೆ ಕಾರು ಬರುತ್ತಿತ್ತು.

ಕಾರಿನವನು ಇಳಿದು ತಲೆಯ ಮೇಲೆ ಕೈ ಹೊತ್ತು ನಿಂತ. ಅವನದೇನೂ ತಪ್ಪಿರಲಿಲ್ಲ. ನಾನು ಎತ್ತಲು ಹೋದರೆ ಆ ಉದ್ದ ಕಾಲುಗಳು ಕೈಯಿಂದ ಜಾರುತ್ತಿದ್ದವು. ಗೆಳೆಯ ಬಂದು ಹಿಂದಿನ ಕಾಲುಗಳನ್ನು ಹಿಡಿದ. ಪೈಪುಗಳ ಪಕ್ಕದಲ್ಲಿ ಮಲಗಿಸಿದೆವು. ಮನೆ ತಲುಪುವ ಮೊದಲೇ ಜೀವ ಹೋಗಿತ್ತು.

ಮೇಡಂಗೆ ನಾನೇ ಫೋನು ಮಾಡಿದೆ. ನನ್ನ ಹರಕು ಇಂಗ್ಲಿಷಿನಲ್ಲಿ ಪೈಪು, ಕೆಂಪು ಬಟ್ಟೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ನನಗೆ ತಿಳಿಯಲಿ ಎಂದು ಒಂದೊಂದೇ ಮಾತಾಗಿ ನಿಧಾನಕ್ಕೆ ಹೇಳಿದರು: ರೇಸಿನಲ್ಲಿ ಇದು ಓಡುತ್ತಿದ್ದದ್ದೇ ಗಾಡಿಯ ಹಿಂದೆ, ಗಾಡಿಗೆ ಕಟ್ಟಿ ಎಳೆಯುವ ಜಿಂಕೆಯ ಬೊಂಬೆ ಹಿಡಿಯುವುದಕ್ಕೆ. ಅಂದರೆ ಅದು ನನ್ನ ಹಿಂದೆ ಬಂದದ್ದಲ್ಲ. ಹಾರಾಡುವ ನೈಟಿಯ ತುಂಡಿನ ಹಿಂದೆ ಬಂದದ್ದು.

ಸಂಜೆ ಮಗಳು ಅತ್ತು ಅತ್ತು ಸುಸ್ತಾಗಿ ಅಮ್ಮನಿಗೆ ಹೇಳುತ್ತಿದ್ದಳು, "ಶೀ ಲವ್ಡ್ ಪಪ್ಪ ಸೋ ಮಚ್, ಅಮ್ಮ. ಅದಕ್ಕೇ ಹಿಂದೆ ಓಡಿದ್ದು."

ನಾನು ಸುಮ್ಮನಿದ್ದಿದ್ದರೆ ಮಾತು ಹಾಗೆಯೇ ಉಳಿಯುತ್ತಿತ್ತು. ಕಪಾಟಿನಿಂದ ಆ ಎರಡು ಹಾಳೆ ತೆಗೆದು ಅವಳ ಮುಂದಿಟ್ಟೆ.

"ಓದು ಮಗಾ. ಓದಿ ಕನ್ನಡದಲ್ಲಿ ಹೇಳು."

ಅವಳು ಕಣ್ಣೊರೆಸಿಕೊಂಡು ಓದತೊಡಗಿದಳು. ಔಷಧಿ, ಊಟ, ಹಾಸಿಗೆ. ನಾಲ್ಕನೆಯದಕ್ಕೆ ಬಂದು ನಿಂತಳು.

"ಪಪ್ಪ, ಇದ್ರಲ್ಲಿ ಗೇಟಿನದ್ದು ಉಂಟು. ಗಾಡಿ ಹೋಗುವಾಗ ನಾಯಿಯನ್ನು ಹೊರಗೆ ಬಿಡ್ಲೇಬಾರ್ದು ಅಂತ ದಪ್ಪ ಅಕ್ಷರದಲ್ಲಿ ಉಂಟು." ತಲೆಯೆತ್ತಿ ನನ್ನನ್ನು ನೋಡಿದಳು. "ನೀವು ಓದಿಲ್ವಾ?"

"ನನಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ," ಎಂದೆ.

ಹೆಂಡತಿ ಒಳಗೆ ಹೋದಳು. ಮಗಳು, ಇನ್ನು ಯಾವುದಕ್ಕೂ ಬೇಕಾಗಿಲ್ಲದ ಉಳಿದ ಸಾಲುಗಳನ್ನೂ ಒಂದೊಂದಾಗಿ ಓದಿ, ಕೆಳಗೆ ನನ್ನ ಸಹಿಯವರೆಗೂ ಕನ್ನಡದಲ್ಲಿ ಹೇಳಿ ಮುಗಿಸಿದಳು.