ಹಲ್ಲು ಮುರಿದ ಕ್ಯಾಸೆಟ್

ಮೊನ್ನೆ ದವಾಖಾನೆಯಲ್ಲಿ ಸೂಜಿ ಚುಚ್ಚುವ ಮೊದಲು ನರ್ಸ್ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಉಜ್ಜಿದಳು. ಮೂಗಿನೊಳಗೆ ಚುರುಕ್ಕೆನ್ನುವ ಆ ತಣ್ಣನೆಯ ವಾಸನೆಗೆ ನನಗೆ ಸೂಜಿಯ ಭಯವೇ ಮರೆತುಹೋಯಿತು. ಅತನೂರಿನ ನಮ್ಮ ಮನೆಯ ಪಡಸಾಲೆ ನೆನಪಾಯಿತು. ಶಾಬಾದಿ ಕಲ್ಲಿನ ನೆಲದ ಮೇಲೆ ಕಾಲು ಚಾಚಿ ಕೂತು, ಕಡ್ಡಿಯ ತುದಿಗೆ ಅರಳೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಟೇಪ್ ರೆಕಾರ್ಡರಿನ ಹೆಡ್ ಒರೆಸುತ್ತಿದ್ದ ಕಸ್ತೂರತ್ತಿ ನೆನಪಾದಳು. ಅಪ್ಪನ ಒಬ್ಬಳೇ ತಂಗಿ. ಅಂಗಳದಲ್ಲಿ ತೊಗರಿ ಬಡಿಯುವ ಸಪ್ಪಳ, ಒಳಗೆ ಆಯಿ ರೊಟ್ಟಿ ತಟ್ಟುವ ಸಪ್ಪಳ, ನಡುವೆ ಅತ್ತಿಯ ಮೌನ. ನಾನು ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಆ ವಾಸನೆಯನ್ನು ಎಳೆದೆಳೆದು ಕುಡಿಯುತ್ತಿದ್ದೆ. ಆ ಮನೆ ಈಗಿಲ್ಲ. ಅದು ನಿಂತಿದ್ದ ಜಾಗದಲ್ಲಿ ಗೊಬ್ಬರದ ಗೋದಾಮು ಎದ್ದಿದೆ. ನಿಮ್ಮ ಮನೆಯ ಅಟ್ಟದ ಮೇಲೂ ಸತ್ತವರ ದನಿ ತುಂಬಿದ ಕ್ಯಾಸೆಟ್ಟುಗಳು ಧೂಳು ತಿನ್ನುತ್ತ ಬಿದ್ದಿದ್ದರೆ, ಅವನ್ನು ಕೇಳಿಸುವ ಯಂತ್ರವೇ ಇಲ್ಲವಾಗಿದ್ದರೆ, ನನ್ನ ಸಂಕಟ ನಿಮಗೆ ಗೊತ್ತಾಗುತ್ತದೆ. ಆದರೆ ನಾನು ಹೇಳಹೊರಟಿದ್ದು ಬರೀ ಸಂಕಟದ ಮಾತಲ್ಲ, ಸಿಟ್ಟಿನ ಮಾತು. ಇಷ್ಟು ವರ್ಷವಾದರೂ ಅದು ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ಅತ್ತಿಯನ್ನು ಇಜೇರಿಯ ಗುರುನಾಥನಿಗೆ ಕೊಟ್ಟಾಗ ನಾನು ಇನ್ನೂ ಚಿಕ್ಕವಳು. ಆ ಊರಲ್ಲಿ ಮೊದಲು ಟೇಪ್ ರೆಕಾರ್ಡರ್ ತಂದವನು ಅವನೇ. ಅವನ ಅಪ್ಪ ಭಜನೆಯಲ್ಲಿ ಒಳ್ಳೆಯ ಹಾಡುಗಾರ. ಸಾಯುವ ಕೆಲವೇ ತಿಂಗಳ ಮೊದಲು ಅವರು ಹಾಡಿದ ನಾಲ್ಕು ಪದಗಳು, ನಡುನಡುವೆ ಕೆಮ್ಮಿದ್ದು, ‘ನೀರು ಕೊಡ್ರಿ’ ಎಂದು ಯಾರಿಗೋ ಹೇಳಿದ್ದು, ಎಲ್ಲವೂ ಒಂದು ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಗುರುನಾಥನ ತಾಯಿ ನೀಲಮ್ಮ ದಿನಾ ಸಂಜೆ ದೀಪ ಹಚ್ಚಿ, ವಿಭೂತಿ ಇಟ್ಟುಕೊಂಡು, ಗೋಡೆಗೆ ಒರಗಿ ಅದನ್ನು ಕೇಳುತ್ತಿದ್ದಳು. ಅತ್ತಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ಮಗನಿಗೆ ಹೆಂಡತಿಯ ಮೇಲೆ ಮನಸ್ಸಿರಲಿಲ್ಲ. ಅವನು ಬೇರೆ ಒಬ್ಬಳನ್ನು ಮೊದಲೇ ನೋಡಿಟ್ಟುಕೊಂಡಿದ್ದ. ಆದರೆ ಸೊಸೆಯನ್ನು ತವರಿಗೆ ಕಳಿಸುವ ಮಾತೆತ್ತಿದರೆ ನೀಲಮ್ಮ ಅವನ ಮೇಲೆ ಹರಿಹಾಯುತ್ತಿದ್ದಳಂತೆ.

ಒಂದು ಸಂಜೆ ಆ ಕ್ಯಾಸೆಟ್ಟಿನಿಂದ ಹಾಡು ಬರಲಿಲ್ಲ. ಕೆಮ್ಮೂ ಬರಲಿಲ್ಲ. ಸುಯ್ಯೆಂಬ ಸದ್ದೊಂದೇ ಕೊನೆಯವರೆಗೂ ಓಡಿತು. ಗುರುನಾಥ ಎದ್ದು ನಿಂತು ಕೂಗಿದ, “ಮುಂಜಾನಿ ಇದನ್ನ ಒರಸಿದಾಕಿ ಯಾರವ್ವ? ಈ ಹೆಡ್ಡಿ ಕೆಂಪು ಗುಂಡಿ ಒತ್ಯಾಳ. ಅಪ್ಪನ್ನ ಎರಡನೇ ಸಲ ಕೊಂದಳು.” ಅಂದು ಬೆಳಿಗ್ಗೆ ಟೇಪ್ ರೆಕಾರ್ಡರಿನ ಧೂಳು ಒರೆಸಿದ್ದು ಅತ್ತಿಯೇ. ಕೈ ಯಾವ ಗುಂಡಿಗೆ ತಾಗಿತ್ತೋ ಅವಳಿಗೆ ಗೊತ್ತಿರಲಿಲ್ಲ. ಕೆಂಪು ಗುಂಡಿ ಏನು ಮಾಡುತ್ತದೆ ಎಂಬುದೂ ಗೊತ್ತಿರಲಿಲ್ಲ. ಹೌದೇನೋ ಅಂದುಕೊಂಡು ತಲೆ ತಗ್ಗಿಸಿದಳು. ನೀಲಮ್ಮ ಒಂದು ಮಾತೂ ಆಡದೆ ಮುಖ ಗೋಡೆಗೆ ತಿರುಗಿಸಿದಳು. ನಾಲ್ಕನೇ ದಿನ ಅತ್ತಿ ಒಂದು ಟ್ರಂಕು ಹಿಡಿದು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದಳು. ವರ್ಷ ತುಂಬುವುದರೊಳಗೆ ಗುರುನಾಥ ತಾನು ನೋಡಿಟ್ಟುಕೊಂಡವಳನ್ನು ಮದುವೆಯಾದ.

ಅತ್ತಿ ಅಳಲಿಲ್ಲ. ಅಪ್ಪ ಇಜೇರಿಯವರನ್ನು ಬೈಯಲು ಹೋದರೆ “ನಾ ಗಲತ್ ಮಾಡೀನಿ ಅಣ್ಣ, ಅವರಿಗ್ಯಾಕ ಬೈತಿ” ಎನ್ನುತ್ತಿದ್ದಳು. ಬಾವಿಯ ಹತ್ತಿರ ಹೆಂಗಸರು ಮಾವನ ದನಿ ಅಳಿಸಿದಾಕಿ ಎಂದು ಗುಸುಗುಟ್ಟುವುದು ನನ್ನ ಕಿವಿಗೂ ಬೀಳುತ್ತಿತ್ತು. ಅವಳ ತಪ್ಪೊಪ್ಪಿಗೆಯೇ ನನಗೆ ಆ ಮಾತುಗಳಿಗಿಂತ ಹೆಚ್ಚು ಉರಿಯುತ್ತಿತ್ತು.

ಕೆಲವು ವರ್ಷಗಳ ನಂತರ ಅಪ್ಪ ಸೊಲ್ಲಾಪುರದಿಂದ ರೇಡಿಯೋ, ಟೇಪ್ ಎರಡೂ ಕೂಡಿದ ಟೂ ಇನ್ ಒನ್ ತಂದರು. ಅತ್ತಿ ತಿಂಗಳುಗಟ್ಟಲೆ ಅದರ ಹತ್ತಿರ ಸುಳಿಯಲಿಲ್ಲ, ಅದಿರುವ ಮೂಲೆಯ ಕಸವನ್ನೂ ಗುಡಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಾತ್ರ ನನ್ನನ್ನು ಕೈಹಿಡಿದು ಅದರ ಮುಂದೆ ಕೂರಿಸಿ, “ಇಲ್ಲೇನ್ ಬರದದ, ಒಂದೂ ಬಿಡದ ಓದು” ಎಂದಳು. ನಾನಾಗ ಆರನೇ ಇಯತ್ತೆ, ಇಂಗ್ಲಿಷ್ ಅಕ್ಷರ ಕಲಿತು ವರ್ಷವಾಗಿತ್ತಷ್ಟೇ. ಪಾಜ್ ಎನ್ನುವುದನ್ನು ಪೌಸೆ ಎಂದು ಓದಿದೆ, ರಿವೈಂಡನ್ನು ರೆವಿಂಡ ಮಾಡಿದೆ. ಅವಳು ನಗಲಿಲ್ಲ. ನನ್ನ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಗಳಲ್ಲಿ ಎಲ್ಲವನ್ನೂ ದುಂಡಗೆ ಬರೆದುಕೊಂಡಳು.

ಅರ್ಥ ಹೇಳಲು ಮೌಲಾಸಾಬ ಕಾಕಾ ಇದ್ದ. ಅಫಜಲಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ, ಮನೆ ಮಾತ್ರ ನಮ್ಮ ಓಣಿಯಲ್ಲೇ. ಅವನ ಹೆಂಡತಿ ಅತ್ತಿಯ ಬಾಲ್ಯದ ಗೆಳತಿ, ಹಾಗಾಗಿ ಅತ್ತಿ ಅವರ ಕಟ್ಟೆಯ ಮೇಲೆ ಕೂತರೆ ಯಾರೂ ಏನೂ ಅನ್ನುತ್ತಿರಲಿಲ್ಲ. ರಜೆಯ ದಿನ ಅವನು ಯಂತ್ರಗಳ ಹೊಟ್ಟೆ ಬಿಚ್ಚಿ ಕೂತರೆ ನಾವಿಬ್ಬರೂ ಹಾಜರು. ಅವನು ಹೇಳಿದ್ದನ್ನು ಅತ್ತಿ ತನ್ನ ಮಾತಿಗೆ ತಿರುಗಿಸಿ ಬರೆದುಕೊಳ್ಳುತ್ತಿದ್ದಳು. ಮೋನೋ ಅಂದರೆ ಒಂದೇ ಬಾಯಿ. ಸ್ಟೀರಿಯೋ ಅಂದರೆ ಎರಡು ಬಾಯಿ, ಎರಡೂ ಬೇರೆ ಬೇರೆ ಮಾತಾಡುತ್ತವೆ. ಬಾಸ್ ಅಂದರೆ ಡೊಳ್ಳು, ಟ್ರೆಬಲ್ ಅಂದರೆ ತಾಳ. ಹೆಡ್ ಅಂದರೆ ಯಂತ್ರದ ಕಿವಿ, ಅದರಲ್ಲಿ ಕೊಳೆ ಕೂತರೆ ಮಂದ ಕೇಳಿಸುತ್ತದೆ. ಮುಂದೆ ಊರಿಗೆ ಟೀವಿ, ವಿಸಿಆರ್ ಬಂದಾಗ ಟ್ರ್ಯಾಕಿಂಗ್ ಎಂಬ ಮಾತಿಗೆ ಅವಳು ಬರೆದ ಅರ್ಥ ನನಗೆ ಈಗಲೂ ಬಾಯಿಪಾಠ: ಎತ್ತು ಸಾಲು ಬಿಟ್ಟು ನಡೆದರೆ ಚಿತ್ರ ಹರಿಯುತ್ತದೆ, ತಿರುಪು ತಿರುಗಿಸಿ ಸಾಲಿಗೆ ತರಬೇಕು. ತನ್ನ ಬದುಕನ್ನು ಕೆಡಿಸಿದ ಮಾತುಗಳನ್ನು ಒಂದೊಂದಾಗಿ ಹಿಡಿದು, ಅವುಗಳ ಬಾಯಿ ಬಿಡಿಸುತ್ತಿದ್ದಳು ಅವಳು.

ಅಂಥದೇ ಒಂದು ರಜೆಯ ದಿನ ಮೌಲಾಸಾಬ ಕಾಕಾ ಒಂದು ಕ್ಯಾಸೆಟ್ಟಿನ ಬೆನ್ನು ತೋರಿಸಿ, ಅದರ ಎರಡು ಮೂಲೆಗಳಲ್ಲಿದ್ದ ಪ್ಲಾಸ್ಟಿಕ್ಕಿನ ಚೂರುಗಳನ್ನು ಸ್ಕ್ರೂಡ್ರೈವರಿನಿಂದ ಪಟಕ್ಕನೆ ಮುರಿದ.

“ಇವೆರಡು ಹಲ್ಲು ನೋಡು ಬೇಟಿ. ಇವು ಮುರದ್ರ ಕೆಂಪು ಗುಂಡಿ ಒಳಗ ಹೋಗಂಗಿಲ್ಲ. ಅಳಸ್ತೀನಂದ್ರೂ ಅಳಸಾಕ ಬರಂಗಿಲ್ಲ.”

“ಎಂದೂ ಬರಂಗಿಲ್ಲೇನು ಕಾಕಾ?” ಎಂದು ನಾನು ಕೇಳಿದೆ.

“ಈ ತೂತಿನಾಗ ಕಾಗದ ತುರುಕಿದ್ರ ಮತ್ತ ಹೋಗ್ತದ. ತಿಳದಾವ್ರಿಗೆ ಅಷ್ಟ ಗೊತ್ತದು.”

ಅತ್ತಿಯ ಪೆನ್ಸಿಲ್ಲು ಹಾಳೆಯ ಮೇಲೆ ನಿಂತೇಬಿಟ್ಟಿತು. ಮನೆಗೆ ಬರುವಾಗ ಬಾವಿಯ ಕಟ್ಟೆ ಹಿಡಿದು ನಿಂತಳು. “ಆ ಕ್ಯಾಸೆಟ್ಟಿನ ಹಲ್ಲು ಮುರದಿದ್ದು ಅಂವನ ಬೇ” ಎಂದಳು. “ಲಗ್ನಾದ ವಾರಕ್ಕ, ನಮ್ಮತ್ತೀ ಮುಂದ, ನನ್ನ ಮುಂದ ಚಾಕೂಲೆ ಮುರದು, ಇನ್ನ ಇದು ಭದ್ರ ಆತು ಅಂದಿದ್ದ. ನನಗ ಅವಾಗ ಏನೂ ತಿಳೀಲಿಲ್ಲ. ನಾ ಅಳಸಿಲ್ಲ. ನನಗ ಅಳಸಾಕ ಆಗತಿದ್ದಿಲ್ಲ.” ಆಮೇಲೆ, ತಾಯಿಯ ಮನಸ್ಸನ್ನು ತನ್ನಿಂದ ಒಡೆಯಲು ಅವನಿಗೆ ಬೇರೆ ಏನೂ ಸಿಗಲಿಲ್ಲವೆಂದು, ಸ್ವಂತ ಅಪ್ಪನ ದನಿಯನ್ನೇ ಅವನು ಕೈಯಾರೆ ಅಳಿಸಿದನೆಂದು ಮೆಲ್ಲಗೆ ಹೇಳಿದಳು. ಆ ಮಧ್ಯಾಹ್ನ ನನ್ನೊಳಗೆ ಹೊತ್ತಿಕೊಂಡದ್ದು ಬಾಲ್ಯದ ಸಿಟ್ಟಾಗಿರಲಿಲ್ಲ.

ಅಪ್ಪ ಕೇಳಿ, “ಮುಗದದ್ದು ಮುಗೀತು, ಬಿಡವ್ವ” ಎಂದರು. “ನಿನಗ ಮುಗದದ ಅಣ್ಣ” ಎಂದಳು ಅತ್ತಿ. ಅವಳು ಅವಸರ ಮಾಡಲಿಲ್ಲ. ಕಾಕಾನ ಬಳಿ ಬಂದ ಪ್ರತಿಯೊಂದು ಟೇಪ್ ರೆಕಾರ್ಡರಿಗೂ ಹಲ್ಲು ಮುರಿದ ಕ್ಯಾಸೆಟ್ ಹಾಕಿ ಕೆಂಪು ಗುಂಡಿ ಒತ್ತಿ ನೋಡಿದಳು. ಒಂದೂ ಒಳಗೆ ಹೋಗಲಿಲ್ಲ. ನೀಲಮ್ಮ ಹುಣ್ಣಿಮೆಗೆ ಘತ್ತರಗಿಯ ಭಾಗ್ಯವಂತಿಯ ಗುಡಿಗೆ ತಪ್ಪದೆ ಬರುತ್ತಾಳೆ, ಮಗನೇ ಕರೆತರುತ್ತಾನೆ ಎಂಬುದನ್ನು ತಿಳಿದುಕೊಂಡಳು. ಅಂಥ ಒಂದು ಹುಣ್ಣಿಮೆಯ ಬೆಳಿಗ್ಗೆ ಟೂ ಇನ್ ಒನ್ನಿಗೆ ಹೊಸ ಶೆಲ್ಲು, ಹಲ್ಲು ಮುರಿದ ಒಂದು ಕ್ಯಾಸೆಟ್ ಹಾಕಿ, ಸೀರೆಯಲ್ಲಿ ಸುತ್ತಿ, ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಭೀಮಾ ನದಿಯಲ್ಲಿ ಮಿಂದು ಬಂದ ಜನ ತಗಡಿನ ಶೆಡ್ಡಿನಲ್ಲಿ ಬುತ್ತಿ ಬಿಚ್ಚಿದ್ದರು. ಇಜೇರಿಯವರೇ ಹತ್ತು ಹನ್ನೆರಡು ಮಂದಿ ಇದ್ದರು. ಅತ್ತಿ ನೇರ ಹೋಗಿ ನೀಲಮ್ಮನ ಕಾಲು ಮುಟ್ಟಿದಳು.

“ಯಾರವ್ವ ನೀ?” ಮುದುಕಿಗೆ ಕಣ್ಣು ಮಬ್ಬಾಗಿತ್ತು.

“ಕಸ್ತೂರಿ ಇದ್ದೇನ್ರಿ. ನಿಮ್ಮದೇನೂ ಬ್ಯಾಡ್ರಿ ನನಗ. ಈ ಕೆಂಪು ಗುಂಡಿ ಒಂದ್ಸಲ ಒತ್ತಿ ನೋಡ್ರಿ.”

ಗುರುನಾಥ ತಟ್ಟೆ ಬಿಟ್ಟು ಎದ್ದ. ನೀಲಮ್ಮ ಯಾಕೋ ಏನೂ ಕೇಳದೆ ಹೆಬ್ಬೆರಳಿನಿಂದ ಒತ್ತಿದಳು. “ಹೋಗವಲ್ದು” ಎಂದಳು. ಅತ್ತಿ ಕ್ಯಾಸೆಟ್ ತೆಗೆದು ಅದರ ಎರಡು ತೂತುಗಳನ್ನು ಅವಳ ಬೆರಳಿಗೆ ಮುಟ್ಟಿಸಿದಳು. ಅವುಗಳಲ್ಲಿ ಕಾಗದ ತುರುಕಿ, ಮತ್ತೆ ಒಳಗಿಟ್ಟು ಒತ್ತಿಸಿದಳು. ಗುಂಡಿ ಕಟ್ಟೆಂದು ಒಳಗೆ ಹೋಯಿತು.

“ಮಾವನೋರ ಕ್ಯಾಸೆಟ್ಟಿನ ಹಲ್ಲು ಯಾರು ಮುರದಿದ್ರು, ನೆನಪದ ಏನ್ರಿ?”

“ಇವನ. ನನ್ನ ಮುಂದನ ಮುರದಾ.”

“ಹಂಗಾದ್ರ ಕಾಗದ ಯಾರು ತುರುಕಿದ್ರು? ಯಾವ ಗುಂಡಿ ಯಾತಕ್ಕಂತ ಸುದ್ದಾ ತಿಳೀದ ಹೆಡ್ಡೀನ ಏನ್ರಿ? ಗುರುನಾಥಗ ಕೇಳ್ರಿ.”

ಗಂಡನಾಗಿದ್ದವನ ಹೆಸರನ್ನು ಅವಳು ಹಾಗೆ ಜನರ ಮುಂದೆ ಆಡಿದ್ದು ಅದೇ ಮೊದಲು. ಸುತ್ತಲಿನವರು ಊಟ ನಿಲ್ಲಿಸಿದ್ದರು. “ಹುಚ್ಚಿ ಏನೇನೋ ಹೇಳ್ತಾಳ, ನಡಿಯವ್ವ” ಎಂದು ಅವನು ತಾಯಿಯ ರಟ್ಟೆ ಹಿಡಿದ. ನೀಲಮ್ಮ ಕೈ ಕೊಡವಿಕೊಂಡು, “ಖರೇ ಹೇಳಲೇ” ಎಂದಳು. ಅವನು ಅತ್ತ ಇತ್ತ ನೋಡಿದ. ಆಮೇಲೆ ಬಾಯಿಬಿಟ್ಟ, “ನೀ ಆಕೀನ ಕಳಸಾಕ ಒಪ್ಪಲಿಲ್ಲಲ್ಲವ್ವ, ನಾ ಏನ್ ಮಾಡ್ಲಿ ಮತ್ತ?”

ನಾನು ಅವನ ಮುಖವನ್ನು ಕಣ್ಣು ಮಿಟುಕಿಸದೆ ನೋಡಿದೆ. ಬೆವರು, ನಡುಗುವ ತುಟಿ, ಗದ್ದಕ್ಕೆ ಅಂಟಿದ್ದ ಅನ್ನದ ಅಗುಳು, ಒಂದನ್ನೂ ಬಿಡದೆ ನೋಡಿದೆ. ಇವತ್ತಿಗೂ ಮನಸ್ಸು ಕುಗ್ಗಿದಾಗ ಆ ಮುಖವನ್ನು ನೆನೆದುಕೊಂಡು ಬಲ ತಂದುಕೊಳ್ಳುತ್ತೇನೆ. ನೀಲಮ್ಮ ಅವನೊಡನೆ ಇಜೇರಿಗೆ ಮರಳಲಿಲ್ಲ. ಅಲ್ಲಿಂದಲೇ ಜೇವರ್ಗಿಯ ಮಗಳ ಮನೆಗೆ ಹೋದಳು. ಅವನು ಎಷ್ಟು ಸಲ ಹೋಗಿ ಬಾಗಿಲಲ್ಲಿ ನಿಂತರೂ ಅವನ ಕೈಯಿಂದ ಒಂದು ತಂಬಿಗೆ ನೀರು ಮುಟ್ಟಲಿಲ್ಲವಂತೆ. ಸುದ್ದಿ ಬಂದಾಗಲೆಲ್ಲ ಅತ್ತಿ ಅದನ್ನು ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದಳು. “ಮುದುಕೀ ಬಗ್ಗೆ ಪಾಪ ಅನಸಂಗಿಲ್ಲೇನತ್ತಿ?” ಎಂದು ಒಮ್ಮೆ ಕೇಳಿದೆ. “ಇಲ್ಲ” ಎಂದು ತಾನು ಬಿಚ್ಚಿದ್ದ ಟೇಪ್ ರೆಕಾರ್ಡರಿನ ಸ್ಕ್ರೂ ಬಿಗಿಮಾಡಿದಳು.

ಮೂರು ವರ್ಷಕ್ಕೆ ನೀಲಮ್ಮ ತೀರಿಕೊಂಡಳು. ಜೇವರ್ಗಿಯಿಂದ ನಮ್ಮ ಮನೆಗೆ ಆಳು ಬಂತು. ಕಸ್ತೂರಿಯನ್ನು ಕರೆಸಬೇಕು, ಮಗನಿಗೆ ಆಮೇಲೆ ಹೇಳಬೇಕು ಎಂದು ಮುದುಕಿಯೇ ಹೇಳಿ ಹೋಗಿದ್ದಳಂತೆ. ಅತ್ತಿಯ ಜೊತೆ ನಾನೂ ಹೋದೆ. ಗೋಡೆಗೆ ಒರಗಿಸಿ ಕೂರಿಸಿದ್ದ ದೇಹದ ಪಕ್ಕ ಅತ್ತಿ ಹೋಗಿ ಕೂತಳು, ಹಣೆಗೆ ವಿಭೂತಿ ಹಚ್ಚಿದಳು. ಗುರುನಾಥ ಹೊರಗೆ ಬೇವಿನ ಗಿಡದ ಕೆಳಗೆ ನಿಂತಿದ್ದ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಅತ್ತಿ ಒಂದು ಸಲ ಅವನತ್ತ ನೋಡಿದಳು, ನೋಡಿ ಸೆರಗು ಸರಿಮಾಡಿಕೊಂಡಳು.

ಮರಳಿ ಬರುವ ಬಸ್ಸಿನಲ್ಲಿ, ನಾನು ನೋಡಿದ ಹಾಗೆ ಮೊದಲ ಸಲ, ಅವಳು ಅತ್ತಳು. ಸೀಟಿನ ಮುಂದಿನ ಕಬ್ಬಿಣದ ಕಂಬಿಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತಳು. “ಅಂವ ಬಿಟ್ಟದ್ದಕ್ಕ ನನಗ ಅಷ್ಟ ಸಿಟ್ಟಿದ್ದಿಲ್ಲ ಬೇ” ಎಂದಳು. “ಈ ಮುದುಕಿ, ನೀ ಮಾಡಿದೇನು ಮಗಳ ಅಂತ ಒಂದ್ ಮಾತ್ ಕೇಳ್ಲಿಲ್ಲಲ್ಲ. ಒಂದ ಒಂದ್ ಮಾತ್.” ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ಕಿಟಕಿಯಾಚೆ ಕೊಯ್ಲು ಮುಗಿದ ಜೋಳದ ಹೊಲಗಳು ಹಿಂದೆ ಹಿಂದೆ ಸರಿಯುತ್ತಿದ್ದವು. ಅತನೂರು ಬರುವವರೆಗೂ ಅವಳು ತಲೆಯೆತ್ತಲಿಲ್ಲ, ನಾನೂ ಕೈ ತೆಗೆಯಲಿಲ್ಲ.